ಮೊದಲು ಪಿತ್ತ ಹರಿಯಬೇಕು: ಆಪರೇಶನ್‌ಗೆ ಒಗ್ಗದ ಪಿತ್ತನಾಳದ ಕ್ಯಾನ್ಸರ್‌ ಮತ್ತು ಜೋಡಿ ಚಿಕಿತ್ಸೆಯ ಪ್ರಯೋಗಗಳು

ಕಣ್ಣು ಹಳದಿ, ಮೂತ್ರ ಕಟ್ಟನ್‌ ಚಾಯದ (ಹಾಲು ಹಾಕದ ಚಹಾದ) ಬಣ್ಣ, ಮಲ ಮಾತ್ರ ಜೇಡಿಮಣ್ಣಿನಂತೆ ಬಿಳುಪು. ರಾತ್ರಿ ನಿದ್ದೆಗೆಡಿಸುವ ತುರಿಕೆ ಇದೆ, ಹೊಟ್ಟೆನೋವು ಅಷ್ಟಾಗಿ ಇಲ್ಲ. ಕಾಸರಗೋಡು, ಬದಿಯಡ್ಕ, ಮಂಜೇಶ್ವರದ ಕಡೆ ಇದನ್ನು ಅರಸಿನ ಮುಂಡಿಗೆ ಎಂದು ಕರೆದು ನೆಲನೆಲ್ಲಿ ಅರೆದು ಕುಡಿಸುವುದು ಹಳೆಯ ರೂಢಿ. ಸೋಂಕಿನ ಕಾಮಾಲೆ ಬಹುಪಾಲು ತಾನಾಗಿಯೇ ಇಳಿಯುವುದರಿಂದ ಮದ್ದು ನಾಟಿದಂತೆ ಕಾಣುತ್ತದೆ. ಪಿತ್ತ ಹರಿಯುವ ನಾಳವೇ ಕಟ್ಟಿಕೊಂಡಿದ್ದರೆ ಯಾವ ಸೊಪ್ಪಿನ ರಸವೂ ಅದನ್ನು ಬಿಡಿಸದು. ವಯಸ್ಸು ಐವತ್ತು ದಾಟಿದವರಲ್ಲಿ ಇಂಥ ಕಾಮಾಲೆ ಕಂಡರೆ ಪಥ್ಯದಲ್ಲಿ ಮೂರು ವಾರ ಕಳೆಯಬಾರದು. ಅದೇ ವಾರ ಹೊಟ್ಟೆಯ ಅಲ್ಟ್ರಾಸೌಂಡ್‌ ಆಗಬೇಕು. ಕಟ್ಟಿಕೊಂಡ ನಾಳ ಉಬ್ಬಿರುವುದು ಅದರಲ್ಲಿ ಬಹುಮಟ್ಟಿಗೆ ಗೊತ್ತಾಗಿಬಿಡುತ್ತದೆ.

ಲಿವರ್‌ನೊಳಗೆ ಪಿತ್ತದ ಸಣ್ಣ ಕಾಲುವೆಗಳು ಕೂಡುತ್ತ ಕೂಡುತ್ತ ಎಡಕ್ಕೊಂದು, ಬಲಕ್ಕೊಂದು ದೊಡ್ಡ ನಾಳವಾಗುತ್ತವೆ. ಲಿವರ್‌ನ ಬಾಯಿಯಲ್ಲಿ ಅವೆರಡೂ ಸೇರಿ ಒಂದೇ ನಾಳವಾಗಿ ಕರುಳಿಗೆ ಇಳಿಯುತ್ತದೆ. ಕ್ಯಾನ್ಸರ್‌ ಲಿವರ್‌ನ ಒಳಗೆ ಹುಟ್ಟಬಹುದು, ಈ ಕೂಡುವ ಜಾಗದಲ್ಲಿ ಹುಟ್ಟಬಹುದು, ಕರುಳಿನ ಸಮೀಪವೂ ಹುಟ್ಟಬಹುದು. ಕೂಡುವ ಜಾಗದ ಗಡ್ಡೆಯನ್ನು 1965ರಲ್ಲಿ ಅದರ ಬಗ್ಗೆ ಬರೆದ ವೈದ್ಯನ ಹೆಸರಿನಲ್ಲಿ ಕ್ಲಾಟ್‌ಸ್ಕಿನ್‌ ಗಡ್ಡೆ ಎನ್ನುತ್ತಾರೆ. ಅದು ಎಡಬಲಗಳಲ್ಲಿ ಎಷ್ಟು ದೂರ ಹಬ್ಬಿದೆ ಎಂದು ಗುರುತಿಸಲು 1975ರಿಂದ ಬಿಸ್ಮತ್‌–ಕಾರ್ಲೆಟ್‌ ವರ್ಗೀಕರಣ ಬಳಕೆಯಲ್ಲಿದೆ. ಎರಡೂ ಕಡೆಯ ನಾಳಗಳೊಳಗೆ ಆಳಕ್ಕೆ ಹೋಗಿದ್ದರೆ, ಲಿವರ್‌ಗೆ ರಕ್ತ ತರುವ ನಾಳಗಳನ್ನು ಸುತ್ತಿಕೊಂಡಿದ್ದರೆ, ದೂರದ ಅಂಗಗಳಿಗೆ ಹರಡಿದ್ದರೆ, ಅಥವಾ ಕತ್ತರಿಸಿ ಉಳಿಯುವ ಲಿವರ್‌ ಜೀವ ಹಿಡಿಯಲು ಸಾಲದಿದ್ದರೆ ‘ಆಪರೇಶನ್‌ ಆಗುವುದಿಲ್ಲ’ ಎಂಬ ಮಾತು ಬರುತ್ತದೆ.

ಆ ಮಾತನ್ನು ಲಿವರ್‌ ಮತ್ತು ಪಿತ್ತನಾಳದ ಆಪರೇಶನ್‌ಗಳನ್ನೇ ಮಾಡುವ ಸರ್ಜನ್‌ ಒಬ್ಬರು ಹೇಳಬೇಕು, ಅದೂ ಸ್ಟೆಂಟ್‌, ಅಂದರೆ ಕಟ್ಟಿದ ನಾಳವನ್ನು ತೆರೆದಿಡುವ ಕೊಳವೆ, ಹಾಕುವ ಮೊದಲು ತೆಗೆದ ಎಂಆರ್‌ಸಿಪಿ (ಪಿತ್ತನಾಳಗಳ ಎಂಆರ್‌ಐ ಚಿತ್ರ) ಮತ್ತು ಸಿಟಿ ನೋಡಿ. ಸ್ಟೆಂಟ್‌ ಕೂತ ಮೇಲೆ ನಾಳದ ಗೋಡೆ ಬಾತುಕೊಂಡು ಗಡ್ಡೆಯ ಅಂಚು ಮಸುಕಾಗುತ್ತದೆ. ಹೊದಿಕೆಯಿಲ್ಲದ ಲೋಹದ ಸ್ಟೆಂಟ್‌ ಒಮ್ಮೆ ಒಳಗೆ ಹೋದರೆ ಮಾಂಸದಲ್ಲಿ ಹುದುಗಿ ಹೊರಬರುವುದಿಲ್ಲ. ಮುಂದೆ ಆಪರೇಶನ್‌ಗೋ ಲಿವರ್‌ ಕಸಿಗೋ ಇದ್ದ ಸಣ್ಣ ಬಾಗಿಲನ್ನೂ ಅದು ಮುಚ್ಚಬಹುದು. ಕಸಿಯ ಮಾತು ಬರಿಯ ಕನಸೇನೂ ಅಲ್ಲ. ಕೂಡುವ ಜಾಗದಲ್ಲಿ 3 ಸೆಂಟಿಮೀಟರ್‌ ಮೀರದ, ಎಲ್ಲಿಗೂ ಹರಡದ ಗಡ್ಡೆಗಳಿಗೆ ಮೊದಲು ವಿಕಿರಣ ಮತ್ತು ಕೀಮೋ ಕೊಟ್ಟು ಆಮೇಲೆ ಕಸಿ ಮಾಡುವ ಕ್ರಮವನ್ನು ಅಮೆರಿಕದ ಮೇಯೋ ಕ್ಲಿನಿಕ್‌ 1993ರಲ್ಲಿ ಶುರುಮಾಡಿತು. ಅದಕ್ಕೆ ಅರ್ಹರಾಗುವವರು ಬಹಳ ಕಡಿಮೆ. ಆದರೂ ಅರ್ಹರೇ ಎಂದು ಕೇಳದೆ ಲೋಹದ ಸ್ಟೆಂಟ್‌ಗೆ ಒಪ್ಪಬಾರದು.

ಎಲ್ಲ ಜೋಡಿಗಳ ಅಡಿಪಾಯ

ಎರಡು ಮೂರು ಚಿಕಿತ್ಸೆಗಳನ್ನು ಒಟ್ಟಿಗೆ ಕೊಡುವುದೇ ಜೋಡಿ ಚಿಕಿತ್ಸೆ. ಕ್ಯಾನ್ಸರ್‌ಗೆ ಮದ್ದು ಯಾವುದು ಎಂದು ಮನೆಯವರು ಕೇಳುತ್ತಾರೆ. ಈ ರೋಗದಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದದ್ದು ಕಾಮಾಲೆಯ ಹಳದಿ ತರುವ ಬಿಲಿರುಬಿನ್‌ ಎಷ್ಟಿದೆ ಎಂದು. ಪ್ರತಿ ಡೆಸಿಲೀಟರ್‌ ರಕ್ತದಲ್ಲಿ ಅದು ಸಾಮಾನ್ಯವಾಗಿ 1.2 ಮಿಲಿಗ್ರಾಂ ಒಳಗಿರುತ್ತದೆ. ದೊಡ್ಡ ಕೀಮೋ ಪ್ರಯೋಗಗಳಲ್ಲಿ ಆ ಮೇಲ್ಮಿತಿಯ ಒಂದೂವರೆ ಪಟ್ಟು, ಅಂದರೆ ಸುಮಾರು 1.8ರೊಳಗೆ ಇಳಿದವರನ್ನಷ್ಟೇ ಸೇರಿಸಿಕೊಂಡಿದ್ದು ಇದೆ. ಬಿಲಿರುಬಿನ್‌ 15 ಇರುವಾಗ ಕೀಮೋ ಕೊಟ್ಟರೆ ಮದ್ದು ದೇಹದಲ್ಲಿ ಹೇಗೆ ಕರಗುತ್ತದೆ ಎಂಬ ಲೆಕ್ಕ ತಪ್ಪುತ್ತದೆ, ನಿಂತ ಪಿತ್ತದಲ್ಲಿ ಸೋಂಕು ಕಾದು ಕೂತಿರುತ್ತದೆ, ಬಿಳಿರಕ್ತಕಣ ಕುಸಿದ ದಿನ ಅದು ರಕ್ತಕ್ಕೆ ನುಗ್ಗುತ್ತದೆ.

ಪಿತ್ತ ಹರಿಸಲು ದಾರಿ ಎರಡು. ಬಾಯಿಯಿಂದ ದುರ್ಬೀನು ಇಳಿಸಿ ಕರುಳಿನ ಕಡೆಯಿಂದ ಸ್ಟೆಂಟ್‌ ತೂರಿಸುವುದು ಇಆರ್‌ಸಿಪಿ. ಪಕ್ಕೆಯ ಚರ್ಮದ ಮೂಲಕ ಸೂಜಿಯಿಂದ ಲಿವರ್‌ನ ನಾಳ ಹಿಡಿದು ಕೊಳವೆ ಇಡುವುದು ಪಿಟಿಬಿಡಿ. ಗಡ್ಡೆ ಕೂಡುವ ಜಾಗದಲ್ಲಿದ್ದರೆ ಎಡ ಬಲ ಎರಡೂ ಬೇರೆಬೇರೆಯಾಗಿ ಕಟ್ಟಿಕೊಂಡಿರುವುದರಿಂದ ಒಂದೇ ಸ್ಟೆಂಟ್‌ ಸಾಲದೆ ಹೋಗಬಹುದು. ಲಿವರ್‌ನ ಅರ್ಧಕ್ಕಿಂತ ಹೆಚ್ಚು ಭಾಗದ ಪಿತ್ತ ಹರಿಯುವಂತಾಗಬೇಕು ಎಂಬುದು ವೈದ್ಯರು ಇಟ್ಟುಕೊಳ್ಳುವ ಗುರಿ. ಇಲ್ಲಿ ಆಗುವ ದೊಡ್ಡ ತಪ್ಪು, ಎಕ್ಸ್‌ರೇಯಲ್ಲಿ ನಾಳ ಕಾಣಲೆಂದು ಹಾಕುವ ಬಣ್ಣದ ದ್ರವವನ್ನು ಹರಿಸಲಾಗದ ಕಡೆಗೂ ತುಂಬಿಸಿ ಬಿಡುವುದು. ಹೊರಗೆ ಬರಲು ದಾರಿಯಿಲ್ಲದ ಆ ಭಾಗ ಕೀವಾಗುತ್ತದೆ. ಎಂಆರ್‌ಸಿಪಿ ನೋಡಿ ಯಾವ ಕಡೆ ಹರಿಸಬೇಕೆಂದು ಮೊದಲೇ ತೀರ್ಮಾನಿಸಿಕೊಂಡರೆ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಪ್ಲಾಸ್ಟಿಕ್‌ ಸ್ಟೆಂಟ್‌ ಸಾಮಾನ್ಯವಾಗಿ 10 ಫ್ರೆಂಚ್‌ ಅಳತೆಯದು. ಮೂರು ಫ್ರೆಂಚ್‌ ಅಂದರೆ ಒಂದು ಮಿಲಿಮೀಟರ್‌. ಹಾಗಾಗಿ ಇದರ ಅಗಲ 3.3 ಮಿಲಿಮೀಟರ್‌ ಮಾತ್ರ. ಬಿಚ್ಚಿಕೊಂಡ ಲೋಹದ ಜಾಲರಿ 8ರಿಂದ 10 ಮಿಲಿಮೀಟರ್‌ ಆಗುತ್ತದೆ. ಪ್ಲಾಸ್ಟಿಕ್‌ನೊಳಗೆ ಬ್ಯಾಕ್ಟೀರಿಯಾದ ಲೋಳೆ ಹತ್ತಿ ಪಿತ್ತದ ಕೆಸರು ಕೂತು ಸುಮಾರು ಮೂರು ತಿಂಗಳಿಗೆ ಬಂದ್‌ ಆಗುತ್ತದೆ, ಆದ್ದರಿಂದ ಆ ಹೊತ್ತಿಗೆ ಬದಲಿಸಬೇಕು. ಲೋಹದ್ದು ಹೆಚ್ಚು ಕಾಲ ಬಾಳುತ್ತದೆ, ಆದರೆ ಜಾಲರಿಯ ಕಣ್ಣುಗಳಿಂದ ಗಡ್ಡೆಯೇ ಒಳಗೆ ಬೆಳೆಯುತ್ತದೆ. ಯಾವುದೇ ಇರಲಿ, ಚಳಿ ನಡುಗಿಸುವ ಜ್ವರ ಬಂದರೆ ಅದನ್ನು ಪಿತ್ತನಾಳದ ಸೋಂಕು ಎಂದೇ ಎಣಿಸಿ ಅದೇ ದಿನ ಆಸ್ಪತ್ರೆ ಸೇರಬೇಕು. ಪ್ಯಾರಾಸಿಟಮಾಲ್‌ ನುಂಗಿ ಬೆಳಗಾಗಲಿ ಎಂದು ಕಾಯುವ ಜ್ವರ ಇದಲ್ಲ. ಪಕ್ಕೆಯ ಕೊಳವೆಗೆ ಚೀಲ ಇಟ್ಟವರು ದಿನಕ್ಕೆ ಎಷ್ಟು ಮಿಲಿಲೀಟರ್‌ ಪಿತ್ತ ಬಂತು, ಬಣ್ಣ ಏನು ಎಂದು ಬರೆದಿಡಬೇಕು. ಒಮ್ಮೆಲೇ ನಿಂತುಹೋದರೆ ಕೊಳವೆ ಕಟ್ಟಿದೆ ಅಥವಾ ಜಾರಿದೆ. ತೀರಾ ಹೆಚ್ಚು ಬಂದರೆ ಅದರೊಂದಿಗೆ ನೀರು, ಉಪ್ಪಿನಂಶ ಹೋಗಿ ಕಿಡ್ನಿ ಸೋಲುತ್ತದೆ, ಮತ್ತು ಮುಂದೆ ಹೇಳುವ ಕೀಮೋ ಮದ್ದುಗಳಲ್ಲಿ ಒಂದಕ್ಕೆ ಕಿಡ್ನಿಯೇ ಮುಖ್ಯ.

ಎರಡು ಕೀಮೋ, ಅದಕ್ಕೆ ಮೂರನೆಯದು

2010ರಲ್ಲಿ ಪ್ರಕಟವಾದ ಬ್ರಿಟನ್ನಿನ ಎಬಿಸಿ-02 ಪ್ರಯೋಗ ಈ ರೋಗದ ಚಿಕಿತ್ಸೆಗೆ ತಳ ಹಾಕಿತು. 410 ರೋಗಿಗಳು. ಅರ್ಧ ಮಂದಿಗೆ ಜೆಮ್‌ಸಿಟಾಬಿನ್‌ ಎಂಬ ಕೀಮೋ ಮದ್ದು ಒಂದೇ, ಉಳಿದವರಿಗೆ ಅದರ ಜೊತೆ ಸಿಸ್‌ಪ್ಲಾಟಿನ್‌. ಯಾರಿಗೆ ಯಾವುದು ಎಂಬುದನ್ನು ವೈದ್ಯರು ಆರಿಸಲಿಲ್ಲ, ಚೀಟಿ ಎತ್ತಿದಂತೆ ಕಂಪ್ಯೂಟರ್‌ ಹಂಚಿತು. ಒಂದೇ ಮದ್ದಿನವರು ಬದುಕಿದ ಕಾಲದ ಮಧ್ಯಾಂಕ 8.1 ತಿಂಗಳು, ಜೋಡಿಯವರದು 11.7. ಮಧ್ಯಾಂಕವೆಂದರೆ ಅರ್ಧ ಮಂದಿ ಅದಕ್ಕಿಂತ ಹೆಚ್ಚು ಬದುಕಿದರು, ಅರ್ಧ ಮಂದಿ ಕಡಿಮೆ. ಅದು ಯಾವ ಒಬ್ಬರ ಆಯುಷ್ಯದ ಭವಿಷ್ಯವೂ ಅಲ್ಲ.

ಜೋಡಿಯ ಲೆಕ್ಕ ಹೀಗೆ: ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಸಿಸ್‌ಪ್ಲಾಟಿನ್‌ 25 ಮಿಲಿಗ್ರಾಂ, ಜೆಮ್‌ಸಿಟಾಬಿನ್‌ 1000 ಮಿಲಿಗ್ರಾಂ. ಮೇಲ್ಮೈ 1.5 ಚದರ ಮೀಟರ್‌ ಇರುವವರಿಗೆ ಒಂದು ಸಲಕ್ಕೆ 37.5 ಮತ್ತು 1500 ಮಿಲಿಗ್ರಾಂ. ಮೂರು ವಾರದ ಸುತ್ತಿನಲ್ಲಿ 1ನೇ ದಿನ ಮತ್ತು 8ನೇ ದಿನ. ಹೆಚ್ಚೆಂದರೆ ಎಂಟು ಸುತ್ತು. ಅಂದರೆ 24 ವಾರಗಳಲ್ಲಿ 16 ಸಲ ಆಸ್ಪತ್ರೆಗೆ. ಸಿಸ್‌ಪ್ಲಾಟಿನ್‌ ಕಿಡ್ನಿಯನ್ನು ಕೆಡಿಸುವ ಮದ್ದಾದ್ದರಿಂದ ಜೊತೆಗೆ ಸಲೈನ್‌ ಹರಿಸುತ್ತಾರೆ, ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಸೇರಿಸುತ್ತಾರೆ. ಕಿವಿ ಗುಂಯ್‌ ಎನ್ನುವುದು, ಬೆರಳ ತುದಿ ಜೋಮು ಹಿಡಿಯುವುದು ಅದರದೇ ಗುರುತು. ಹೇಳದೆ ಸಹಿಸಿಕೊಂಡರೆ ಅದು ಹಾಗೆಯೇ ಉಳಿದುಬಿಡಬಹುದು. ಜೆಮ್‌ಸಿಟಾಬಿನ್‌ ಪ್ಲೇಟ್‌ಲೆಟ್‌ ಇಳಿಸುತ್ತದೆ. 8ನೇ ದಿನದ ಮದ್ದು ಮುಂದೂಡುವುದು ಬಹಳ ಸಲ ಇದಕ್ಕೇ.

ನಮ್ಮ ದೇಶದ ಒಂದು ಪ್ರಯೋಗವನ್ನೂ ಇಲ್ಲಿ ನೆನೆಯಬೇಕು. ದೆಹಲಿಯ ಏಮ್ಸ್‌ 2010ರಲ್ಲೇ ಪಿತ್ತನಾಳಕ್ಕೆ ಹೊಂದಿಕೊಂಡ ಪಿತ್ತಕೋಶದ ಕ್ಯಾನ್ಸರ್‌ನ 81 ರೋಗಿಗಳ ಮೇಲಿನ ಅಧ್ಯಯನ ಪ್ರಕಟಿಸಿತು. ಬರಿಯ ಶುಶ್ರೂಷೆ ಪಡೆದವರ ಮಧ್ಯಾಂಕ 4.5 ತಿಂಗಳು, ಹಳೆಯ ಫ್ಲೋರೋಯುರಾಸಿಲ್‌ ಚಿಕಿತ್ಸೆಯವರದು 4.6, ಜೆಮ್‌ಸಿಟಾಬಿನ್‌ ಜೊತೆ ಆಕ್ಸಾಲಿಪ್ಲಾಟಿನ್‌ ಪಡೆದವರದು 9.5. ಹಳೆಯ ಕೀಮೋದಿಂದ ಆಯುಷ್ಯ ಬರಲಿಲ್ಲ, ಸರಿಯಾದ ಜೋಡಿಯಿಂದ ಬಂತು ಎಂದು ತೋರಿಸಿದ ಅಧ್ಯಯನ ಅದು.

ಎರಡು ಮದ್ದು ಒಳ್ಳೆಯದಾದರೆ ಮೂರು ಇನ್ನೂ ಒಳ್ಳೆಯದಲ್ಲವೇ? ಇದೇ ಆಸೆಯಿಂದ ಮೂರನೆಯದಾಗಿ ನ್ಯಾಬ್‌-ಪ್ಯಾಕ್ಲಿಟ್ಯಾಕ್ಸೆಲ್‌ ಸೇರಿಸಿದರು. 2019ರಲ್ಲಿ ಬಂದ 60 ರೋಗಿಗಳ ಅಧ್ಯಯನದಲ್ಲಿ ಮಧ್ಯಾಂಕ 19.2 ತಿಂಗಳು. ಎಬಿಸಿ-02ರ 11.7ರ ಪಕ್ಕದಲ್ಲಿ ಇಟ್ಟು ನೋಡಿದವರಿಗೆ ಹೊಸ ದಾರಿ ಸಿಕ್ಕಿತು ಅನ್ನಿಸಿದ್ದು ಸಹಜ. ಆದರೆ ಆ 60 ಮಂದಿಯ ಪಕ್ಕದಲ್ಲಿ ಎರಡೇ ಮದ್ದು ಪಡೆದ ಗುಂಪು ಇರಲಿಲ್ಲ. ಅಮೆರಿಕದ ಸ್ವಾಗ್‌ 1815 ಪ್ರಯೋಗ 441 ರೋಗಿಗಳನ್ನು ಹಂಚಿ ಪರೀಕ್ಷಿಸಿದಾಗ ಮೂರು ಮದ್ದಿನವರದು 14.0, ಎರಡು ಮದ್ದಿನವರದು 12.7. ಆ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟೇ ಇತ್ತು. ರಕ್ತಕಣ ಕುಸಿಯುವ ತೊಂದರೆ ಮಾತ್ರ ಹೆಚ್ಚಾಯಿತು. ಗುಂಪಿಲ್ಲದೆ ಒಂಟಿಯಾಗಿ ನಿಂತ ಸಂಖ್ಯೆ ಎಷ್ಟೇ ದೊಡ್ಡದಿರಲಿ, ಅದನ್ನು ಆಸೆ ಎಂದು ತೆಗೆದುಕೊಳ್ಳಬಹುದು, ಪುರಾವೆ ಎಂದು ಅಲ್ಲ.

ಇಮ್ಯುನೋಥೆರಪಿ ಸೇರಿಸಿದ್ದು ಬೇರೆ ಕಥೆ. ಗಡ್ಡೆ ದೇಹದ ಕಾವಲು ಕಣಗಳಿಗೆ ‘ಸುಮ್ಮನಿರು’ ಎಂಬ ಸಂಕೇತ ಕೊಡುತ್ತಿರುತ್ತದೆ. ಡರ್ವಾಲುಮಾಬ್‌, ಪೆಂಬ್ರೊಲಿಜುಮಾಬ್‌ ಎಂಬ ಇಮ್ಯುನೋಥೆರಪಿ ಮದ್ದುಗಳು ಆ ಸಂಕೇತವನ್ನು ತಡೆಯುತ್ತವೆ. ಟೋಪಾಜ್‌-1 ಪ್ರಯೋಗದಲ್ಲಿ 685 ರೋಗಿಗಳು. ಎರಡೂ ಗುಂಪಿಗೆ ಅದೇ ಜೋಡಿ ಕೀಮೋ. ಒಂದಕ್ಕೆ ಡರ್ವಾಲುಮಾಬ್‌ 1500 ಮಿಲಿಗ್ರಾಂ, ಇನ್ನೊಂದಕ್ಕೆ ಮದ್ದಿಲ್ಲದ ಡ್ರಿಪ್‌. 2022ರ ಫಲಿತಾಂಶದಲ್ಲಿ ಮಧ್ಯಾಂಕ 12.8 ಮತ್ತು 11.5. ಇಷ್ಟೇನಾ ಅನ್ನಿಸುತ್ತದೆ. ಆದರೆ ಎರಡು ವರ್ಷದ ಗಡಿ ನೋಡಿ: ಅಲ್ಲಿಗೆ ಬದುಕಿದ್ದವರು ಶೇಕಡಾ 24.9, ಇನ್ನೊಂದು ಗುಂಪಿನಲ್ಲಿ ಶೇಕಡಾ 10.4. ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಿಹೋಗುವ ಲಾಭ ಇದಲ್ಲ, ಕೆಲವರಿಗೆ ಬಹಳ ಸಿಗುತ್ತದೆ. ಆ ಕೆಲವರು ಯಾರೆಂದು ಮೊದಲೇ ಹೇಳುವ ನಂಬಲರ್ಹ ಪರೀಕ್ಷೆ ಬೇಕಾಗಿದೆ. 1069 ರೋಗಿಗಳಿದ್ದ ಕೀನೋಟ್‌-966ರಲ್ಲಿ ಪೆಂಬ್ರೊಲಿಜುಮಾಬ್‌ ಸೇರಿಸಿದಾಗ 12.7, ಸೇರಿಸದಾಗ 10.9. ಎರಡು ಬೇರೆ ಮದ್ದು, ಎರಡು ಬೇರೆ ಪ್ರಯೋಗ, ಒಂದೇ ದಿಕ್ಕಿನ ಉತ್ತರ; ಅದಕ್ಕೇ ಇದು ನಿಲ್ಲುತ್ತದೆ.

ಜೋಡಿಸಿದಷ್ಟೂ ದೋಷ ಹುಡುಕುವುದು ಕಷ್ಟವಾಗುತ್ತದೆ. ಚಿಕಿತ್ಸೆಯ ನಡುವೆ ಲಿವರ್‌ ಟೆಸ್ಟ್‌ ಏರಿತೆನ್ನಿ. ಸ್ಟೆಂಟ್‌ ಕಟ್ಟಿರಬಹುದು, ಕೀಮೋ ಲಿವರ್‌ಗೆ ಹತ್ತಿರಬಹುದು, ಇಮ್ಯುನೋಥೆರಪಿಯಿಂದ ಎಚ್ಚೆತ್ತ ಕಾವಲು ಕಣಗಳು ಸ್ವಂತ ಲಿವರ್‌ ಮೇಲೆಯೇ ಎರಗಿರಬಹುದು, ಗಡ್ಡೆ ಬೆಳೆದಿರಬಹುದು. ಮೂರನೆಯದಕ್ಕೆ ಸ್ಟಿರಾಯ್ಡ್‌ ಬೇಕು. ಮೊದಲನೆಯದನ್ನು ಮೂರನೆಯದೆಂದು ತಿಳಿದು ಸ್ಟಿರಾಯ್ಡ್‌ ಕೊಟ್ಟರೆ ಕಟ್ಟಿದ ನಾಳದ ಸೋಂಕು ಇನ್ನಷ್ಟು ಕೆರಳುತ್ತದೆ. ಆದ್ದರಿಂದ ಮೊದಲು ಸ್ಕ್ಯಾನಿಂಗ್‌ ಮಾಡಿ ನಾಳ ಉಬ್ಬಿದೆಯೇ ನೋಡಬೇಕು, ಆಮೇಲೆ ಉಳಿದದ್ದು. ಐದನೆಯ ಕಾರಣವೂ ಉಂಟು, ಮನೆಯಲ್ಲಿ ಹೇಳದೆ ಕೊಡುತ್ತಿರುವ ಕಷಾಯ. ಕೊಡುತ್ತಿದ್ದರೆ ಅಡಗಿಸದೆ ಹೇಳಿ. ಬೈಗುಳ ಕೇಳಬೇಕಾದೀತೆಂಬ ಭಯಕ್ಕಿಂತ ತಪ್ಪು ಮದ್ದಿನ ಅಪಾಯ ದೊಡ್ಡದು.

ಬೆಳಕು ಸೇರಿಸಿದಾಗ

ಫೋಟೊಡೈನಮಿಕ್‌ ಚಿಕಿತ್ಸೆಯ ಉಪಾಯ ಚೆಂದದ್ದು. ಪೋರ್ಫಿಮರ್‌ ಸೋಡಿಯಂ ಎಂಬ ಮದ್ದನ್ನು ಕಿಲೋ ತೂಕಕ್ಕೆ 2 ಮಿಲಿಗ್ರಾಂನಂತೆ ರಕ್ತನಾಳಕ್ಕೆ ಕೊಡುತ್ತಾರೆ. 50 ಕಿಲೋ ತೂಗುವವರಿಗೆ 100 ಮಿಲಿಗ್ರಾಂ. ಅದು ಮೈಯಲ್ಲೆಲ್ಲ ಹರಡಿದರೂ ಗಡ್ಡೆಯಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಸುಮಾರು 48 ಗಂಟೆ ಕಳೆದ ಮೇಲೆ ಇಆರ್‌ಸಿಪಿ ಮಾಡಿ ನಾಳದೊಳಗೆ ತೆಳು ನಾರಿನ ಮೂಲಕ 630 ನ್ಯಾನೋಮೀಟರ್‌ ಅಲೆಯುದ್ದದ ಕೆಂಪು ಲೇಸರ್‌ ಹಾಯಿಸುತ್ತಾರೆ. ಬೆಳಕು ಬಿದ್ದಲ್ಲಿ ಮದ್ದು ಆಮ್ಲಜನಕವನ್ನು ವಿಷಕಾರಿ ರೂಪಕ್ಕೆ ತಿರುಗಿಸಿ ಕಣಗಳನ್ನು ಕೊಲ್ಲುತ್ತದೆ. ಬೆಳಕು ಒಳಹೋಗುವುದು ಕೆಲವೇ ಮಿಲಿಮೀಟರ್‌, ಹಾಗಾಗಿ ನಾಳದ ಗೋಡೆಗುಂಟ ಹಬ್ಬಿದ ತೆಳು ಗಡ್ಡೆಗೆ ಮುಟ್ಟುತ್ತದೆ, ದಪ್ಪ ಗಂಟಿನ ಒಳಕ್ಕೆ ಮುಟ್ಟುವುದಿಲ್ಲ. ಸತ್ತ ಮಾಂಸದ ಚೂರು ನಾಳ ಕಟ್ಟದಂತೆ ಕೊನೆಯಲ್ಲಿ ಮತ್ತೆ ಸ್ಟೆಂಟ್‌ ಇಡಲೇಬೇಕು.

2003ರಲ್ಲಿ ಪ್ರಕಟವಾದ ಯುರೋಪಿನ ಪ್ರಯೋಗವೊಂದರಲ್ಲಿ 39 ರೋಗಿಗಳನ್ನು ಹಂಚಿದ್ದರು. ಸ್ಟೆಂಟ್‌ ಮಾತ್ರ ಪಡೆದವರ ಮಧ್ಯಾಂಕ 98 ದಿನ, ಸ್ಟೆಂಟ್‌ ಜೊತೆ ಬೆಳಕಿನ ಚಿಕಿತ್ಸೆ ಪಡೆದವರದು 493 ದಿನ. ಐದು ಪಟ್ಟು! ಅಂತರ ಇಷ್ಟಿರುವುದನ್ನು ಕಂಡು ಪ್ರಯೋಗವನ್ನು ಮೊದಲೇ ನಿಲ್ಲಿಸಿದರು. ಆಮೇಲೆ ಬ್ರಿಟನ್ನಿನಲ್ಲಿ ಫೋಟೋಸ್ಟೆಂಟ್‌-02 ಪ್ರಯೋಗ 92 ರೋಗಿಗಳೊಡನೆ ನಡೆಯಿತು. ಉತ್ತರ ತಲೆಕೆಳಗಾಯಿತು. ಬೆಳಕು ಪಡೆದವರದು 6.2 ತಿಂಗಳು, ಸ್ಟೆಂಟ್‌ ಮಾತ್ರ ಪಡೆದವರದು 9.8.

ಒಂದೇ ಚಿಕಿತ್ಸೆ ಒಂದು ಕಡೆ ಕಾಪಾಡಿ ಇನ್ನೊಂದು ಕಡೆ ಕೆಡಿಸಿದ್ದು ಹೇಗೆ? ಬೆಳಕಿನ ಗುಂಪನ್ನು ಬಿಟ್ಟು ಹೋಲಿಕೆಯ ಗುಂಪನ್ನೇ ನೋಡಿ. ಎರಡೂ ಕಡೆ ಅದರ ಹೆಸರು ‘ಸ್ಟೆಂಟ್‌ ಮಾತ್ರ’. ಒಂದರಲ್ಲಿ ಮೂರು ತಿಂಗಳು ಚಿಲ್ಲರೆ, ಇನ್ನೊಂದರಲ್ಲಿ ಹತ್ತಿರ ಹತ್ತಿರ ಹತ್ತು. ಹೆಸರು ಒಂದೇ ಆದರೂ ಅವರಿಗೆ ಸಿಕ್ಕ ಆರೈಕೆ ಒಂದೇ ಆಗಿರಲಿಲ್ಲ. ಬ್ರಿಟನ್ನಿನ ಪ್ರಯೋಗದಲ್ಲಿ ಸ್ಟೆಂಟ್‌ ಗುಂಪಿನವರಿಗೆ ಆಮೇಲೆ ಕೀಮೋ ಸಿಕ್ಕಿದ್ದು ಹೆಚ್ಚು. ಆದರೆ ಅದೊಂದೇ ಇಡೀ ಅಂತರವನ್ನು ವಿವರಿಸುವುದಿಲ್ಲ ಎಂದು ಸಂಶೋಧಕರೇ ಬರೆದಿದ್ದಾರೆ. ಪಿತ್ತ ಚೆನ್ನಾಗಿ ಹರಿದು ಕೀಮೋವೂ ಸಿಗುವ ಕಡೆ ಬೆಳಕಿನಿಂದ ಇನ್ನೆಷ್ಟು ಸಿಗಬೇಕು? ಅದಕ್ಕಾಗಿ ಕೀಮೋ ತಡವಾದರೆ ನಷ್ಟವೇ ಆಗಬಹುದು. ಬೆಳಕಿನ ಚಿಕಿತ್ಸೆಯನ್ನು ಕೀಮೋಗೆ ಬದಲಿಯಾಗಿ ಕೇಳಿಕೊಂಡು ಹೋಗಬಾರದು ಎಂಬುದಕ್ಕೆ ಇಷ್ಟು ಸಾಕು. ಕೀಮೋ ಜೊತೆಗೇ ಕೊಡುವ ಹೊಸ ಪ್ರಯೋಗವಾದರೆ ಮಾತು ಬೇರೆ.

ಅಂಥದಕ್ಕೆ ಸೇರುವವರು ಬಿಸಿಲಿನ ನಿಯಮವನ್ನು ಸರಿಯಾಗಿ ತಿಳಿದಿರಬೇಕು, ಅಡಿಕೆ ಅಂಗಳವಿರುವ ಮನೆಯವರಂತೂ ಇನ್ನೂ. ಮದ್ದು ಚರ್ಮದಲ್ಲೂ ಕಣ್ಣಲ್ಲೂ ಉಳಿಯುವುದರಿಂದ ಕನಿಷ್ಠ 30 ದಿನ ನೇರ ಬಿಸಿಲು, ಪ್ರಖರ ದೀಪ ಸೋಕಬಾರದು. ಕೆಲವರಿಗೆ ಇನ್ನೂ ಹೆಚ್ಚು ದಿನ. ಸನ್‌ಸ್ಕ್ರೀನ್‌ ಕ್ರೀಮು ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಮದ್ದನ್ನು ಎಬ್ಬಿಸುವುದು ಕಣ್ಣಿಗೆ ಕಾಣುವ ಬೆಳಕು. ಉದ್ದ ತೋಳು, ಟೋಪಿ, ಕೈಗವಸು, ದಪ್ಪ ಕಪ್ಪು ಕನ್ನಡಕ ಬೇಕು. ಹಾಗೆಂದು ಕತ್ತಲೆ ಕೋಣೆಯಲ್ಲಿ ಕೂರಬಾರದು: ಮನೆಯೊಳಗಿನ ಮಂದ ಬೆಳಕಿನಲ್ಲಿ ಚರ್ಮದ ಮದ್ದು ನಿಧಾನವಾಗಿ ಕರಗುತ್ತದೆ, ಕತ್ತಲೆಯಲ್ಲಿ ಹಾಗೇ ಉಳಿಯುತ್ತದೆ.

ಉಳಿದ ಜೋಡಿಗಳನ್ನು ಬೇಗ ಹೇಳಬಹುದು. ಲಿವರ್‌ನೊಳಗಿನ ಗಡ್ಡೆಗೆ ರಕ್ತನಾಳದ ಮೂಲಕ ಯಿಟ್ರಿಯಂ-90 ವಿಕಿರಣದ ಸೂಕ್ಷ್ಮ ಮಣಿಗಳನ್ನು ಬಿಟ್ಟು ಜೊತೆಗೆ ಕೀಮೋ ಕೊಟ್ಟ ಫ್ರಾನ್ಸಿನ ಮಿಸ್ಫೆಕ್‌ ಅಧ್ಯಯನದ 41 ರೋಗಿಗಳ ಮಧ್ಯಾಂಕ 22 ತಿಂಗಳು. ಶೇಕಡಾ 22 ಮಂದಿಯ ಗಡ್ಡೆ ಆಪರೇಶನ್‌ ಮಾಡುವಷ್ಟು ಕುಗ್ಗಿತು. ಒಳ್ಳೆಯ ಸುದ್ದಿ, ಆದರೆ ಇಲ್ಲೂ ಹೋಲಿಕೆಯ ಗುಂಪಿಲ್ಲ. ಜೀನ್‌ ದೋಷ ನೋಡಿ ಕೊಡುವ ಮಾತ್ರೆಗಳು ಬೇರೆ ಜಾತಿಯವು: ಎಫ್‌ಜಿಎಫ್‌ಆರ್‌2 ಎಂಬ ಜೀನ್‌ ಇನ್ನೊಂದು ಜೀನ್‌ಗೆ ಬೆಸೆದುಕೊಂಡಿದ್ದರೆ ಪೆಮಿಗಾಟಿನಿಬ್‌, ಐಡಿಎಚ್‌1 ಎಂಬ ಜೀನ್‌ನಲ್ಲಿ ದೋಷವಿದ್ದರೆ ಐವೊಸಿಡೆನಿಬ್‌. ಇವೆರಡೂ ಹೆಚ್ಚಾಗಿ ಲಿವರ್‌ನೊಳಗಿನ ಗಡ್ಡೆಗಳಲ್ಲಿ ಕಾಣುವ ದೋಷಗಳು. ನಾಳವನ್ನು ಬ್ರಶ್‌ನಿಂದ ಉಜ್ಜಿ ತೆಗೆದ ನಾಲ್ಕು ಕಣಗಳು ಈ ಪರೀಕ್ಷೆಗೆ ಬಹಳ ಸಲ ಸಾಲುವುದಿಲ್ಲ. ಬಯಾಪ್ಸಿ ಮಾಡುವಾಗಲೇ ಜೀನ್‌ ಪರೀಕ್ಷೆಗೆ ಸಾಕಾಗುವಷ್ಟು ತುಣುಕು ತೆಗೆಯಿರಿ ಎಂದು ಕೇಳಿಕೊಳ್ಳಬೇಕು.

ಪ್ರಯೋಗಕ್ಕೆ ಕರೆದರೆ

ಕಾಸರಗೋಡಿನ ರೋಗಿಗಳು ಮಂಗಳೂರಿಗೂ ಹೋಗುತ್ತಾರೆ, ತಲಶ್ಶೇರಿಯ ಮಲಬಾರ್‌ ಕ್ಯಾನ್ಸರ್‌ ಸೆಂಟರಿಗೂ ತಿರುವನಂತಪುರದ ರೀಜನಲ್‌ ಕ್ಯಾನ್ಸರ್‌ ಸೆಂಟರಿಗೂ (ಆರ್‌ಸಿಸಿ) ಹೋಗುತ್ತಾರೆ. ಎಲ್ಲಿಯೇ ಪ್ರಯೋಗಕ್ಕೆ ಕರೆದರೂ ಮೊದಲು ಕೇಳಬೇಕಾದದ್ದು ಸಿಟಿಆರ್‌ಐ ಸಂಖ್ಯೆ. ಭಾರತದ ಕ್ಲಿನಿಕಲ್‌ ಪ್ರಯೋಗಗಳ ಈ ನೋಂದಣಿ ಪಟ್ಟಿ 2007ರಲ್ಲಿ ಶುರುವಾಯಿತು, 2009ರ ಜೂನ್‌ 15ರಿಂದ ಕಡ್ಡಾಯ. ಸಂಖ್ಯೆ ಹಾಕಿ ಹುಡುಕಿದರೆ ಯಾವ ಗುಂಪಿಗೆ ಏನು ಕೊಡುತ್ತಾರೆ, ಯಾರನ್ನು ಸೇರಿಸುವುದಿಲ್ಲ ಎಂಬುದು ಯಾರಿಗೂ ಕಾಣುತ್ತದೆ. ಆಮೇಲೆ, ಹೋಲಿಕೆಯ ಗುಂಪಿಗೆ ಸಿಗುವುದೇನು? ಇಂದಿನ ಒಳ್ಳೆಯ ಚಿಕಿತ್ಸೆಯಾದರೂ ಸಿಗುತ್ತದೆಯೇ? ಟೋಪಾಜ್‌ನಲ್ಲಿ ಮದ್ದಿಲ್ಲದ ಡ್ರಿಪ್‌ ಪಡೆದವರಿಗೂ ಪೂರ್ತಿ ಕೀಮೋ ಇತ್ತು, ಹಾಗಿರಬೇಕು.

ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂಬುದು ನಿಯಮ. ಮಲಯಾಳ ಮಾತನಾಡಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ ಎನ್ನುವ ಹಿರಿಯರು ನಮ್ಮಲ್ಲಿ ಬಹಳ. ಅವರು ಕನ್ನಡದ ಪ್ರತಿ ಕೇಳುವುದು ಉಪಕಾರ ಬೇಡಿದಂತಲ್ಲ, ಹಕ್ಕು. ಓದಲು ಬಾರದವರಿಗೆ ಪ್ರಯೋಗಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರ ಮುಂದೆ ಓದಿ ಹೇಳಬೇಕು. ಸಹಿಯಾದ ಪ್ರತಿ ಮನೆಗೆ ಬರಬೇಕು. ಪ್ರಯೋಗದಿಂದಾದ ಹಾನಿಗೆ ಉಚಿತ ಚಿಕಿತ್ಸೆ ಮತ್ತು ಪರಿಹಾರ 2019ರ ಹೊಸ ಔಷಧ ಮತ್ತು ಕ್ಲಿನಿಕಲ್‌ ಪ್ರಯೋಗ ನಿಯಮಗಳಲ್ಲೇ ಇದೆ. ಬೇಡ ಅನ್ನಿಸಿದ ದಿನ ಬಿಟ್ಟುಬರಬಹುದು. ಅದರಿಂದ ಮಾಮೂಲಿ ಚಿಕಿತ್ಸೆ ನಿಲ್ಲುವಂತಿಲ್ಲ.

ಹಾಸಿಗೆ ಹಿಡಿದವರನ್ನು ಇಂಥ ಪ್ರಯೋಗಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಓಡಾಡಿಕೊಂಡು ಸಣ್ಣಪುಟ್ಟ ಕೆಲಸ ಮಾಡಬಲ್ಲವರಲ್ಲಿ ಬಂದ ಫಲಿತಾಂಶಗಳು ಇವು. ದಿನದ ಹೆಚ್ಚು ಹೊತ್ತು ಮಲಗಿರುವ ರೋಗಿಗೆ ಅದೇ ಜೋಡಿ ಮದ್ದುಗಳನ್ನು ಕೊಡಿ ಎಂದು ಮನೆಯವರು ಒತ್ತಾಯಿಸಿದರೆ ಆಯುಷ್ಯ ಹೆಚ್ಚುವ ಬದಲು ಕಡಿಮೆಯಾಗಬಹುದು. ಅವರಿಗೆ ಪಿತ್ತ ಹರಿಸುವುದು, ತುರಿಕೆ ಮತ್ತು ನೋವು ತಗ್ಗಿಸುವುದು ಚಿಕಿತ್ಸೆಯೇ, ಕೈಬಿಟ್ಟದ್ದಲ್ಲ.

ಇನ್ನೊಂದು ಮಾತು ಗಡಿಯದು. 2020ರ ಮಾರ್ಚ್‌ನಲ್ಲಿ ಕೋವಿಡ್‌ ಕಾರಣಕ್ಕೆ ಕೇರಳ–ಕರ್ನಾಟಕ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳು ಪಟ್ಟ ಪಾಡು ಇಲ್ಲಿ ಯಾರಿಗೂ ಮರೆತಿಲ್ಲ. ಪಿತ್ತನಾಳದ ಜ್ವರ ಚೆಕ್‌ಪೋಸ್ಟ್‌ ತೆರೆಯುವವರೆಗೆ ಕಾಯುವುದಿಲ್ಲ. ಮುಖ್ಯ ಚಿಕಿತ್ಸೆ ಎಲ್ಲಿಯೇ ಇರಲಿ, ರಾತ್ರಿ ಹೊತ್ತಿನಲ್ಲೂ ರಕ್ತನಾಳಕ್ಕೆ ಆಂಟಿಬಯಾಟಿಕ್‌ ಶುರುಮಾಡಬಲ್ಲ ಹತ್ತಿರದ ಆಸ್ಪತ್ರೆ ಯಾವುದೆಂದು ಮೊದಲೇ ತಿಳಿದಿಟ್ಟುಕೊಳ್ಳಿ. ಫೈಲಿನ ಮೇಲಿನ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಇಷ್ಟು ಬರೆದಿರಲಿ: ಸ್ಟೆಂಟ್‌ ಪ್ಲಾಸ್ಟಿಕ್ಕೋ ಲೋಹವೋ, ಎಡಕ್ಕೋ ಬಲಕ್ಕೋ, ಹಾಕಿದ ತಾರೀಕು, ಬದಲಿಸಬೇಕಾದ ತಾರೀಕು, ಕೊನೆಯ ಕೀಮೋ ಯಾವ ದಿನ, ಕೊನೆಯ ಬಿಲಿರುಬಿನ್‌ ಎಷ್ಟು, ಇಮ್ಯುನೋಥೆರಪಿ ಇದೆಯೋ ಇಲ್ಲವೋ, ಪ್ರಯೋಗದ ತುರ್ತು ಫೋನ್‌ ಸಂಖ್ಯೆ. ರಾತ್ರಿ ಎರಡು ಗಂಟೆಗೆ ರೋಗಿಯನ್ನು ಮೊದಲ ಸಲ ನೋಡುವ ಡ್ಯೂಟಿ ಡಾಕ್ಟರಿಗೆ ಬೇಕಾಗುವುದು ಆ ಒಂದು ಹಾಳೆ.